ಚಾಂದ್ ಬೀಬಿಯ ಬೇಟೆಯ ಜಾಮಾ: ಐದು ವಾರಗಳ ಹೊಲಿಗೆಯ ದಾಖಲೆ

ನನ್ನ ಅಣ್ಣನ ಮಗಳಿಗೆ ಕಾಲೇಜಿನ ಈ ಸಲದ ಗ್ಯಾದರಿಂಗಿನಲ್ಲಿ ಚಾಂದ್ ಬೀಬಿಯ ಪಾತ್ರ ಸಿಕ್ಕಿತ್ತು. ಸುಲ್ತಾನಾ ವೇದಿಕೆಗೆ ನಡೆದು ಬರುವುದು ಬೇಡ, ಮೈದಾನದ ತುದಿಯಿಂದ ನಿಜವಾದ ಕುದುರೆಯ ಮೇಲೆ, ಕೈಯಲ್ಲಿ ಗಿಡುಗ ಹಿಡಿದು ಬರಲಿ ಎಂದು ಹುಡುಗಿಯರೆಲ್ಲ ಸೇರಿ ತೀರ್ಮಾನಿಸಿದ್ದರು. ಗಿಡುಗ ರಟ್ಟಿನದು, ಕುದುರೆ ಮಾತ್ರ ಮದುವೆಯ ಮೆರವಣಿಗೆಗೆ ಬಾಡಿಗೆಗೆ ಬರುವ ನಿಜವಾದ ಕುದುರೆ. ವೇಷಭೂಷಣದ ಅಂಗಡಿಯಲ್ಲಿ ರಾಣಿ ಎಂದರೆ ಒಂದೇ ಉಡುಪು ಇತ್ತು: ಥಳಥಳಿಸುವ ಘಾಗ್ರಾ, ಅದಕ್ಕೆ ಪಿನ್ನು ಚುಚ್ಚಿದ ದುಪಟ್ಟಾ. ಅದನ್ನು ಉಟ್ಟು ನಮ್ಮ ಪಡಸಾಲೆಯ ಕಟ್ಟೆ ಹತ್ತಲು ಹೋದವಳು ಅಂಚನ್ನು ತುಳಿದು ಮುಗ್ಗರಿಸಿದಳು. "ಅತ್ತಿ, ಇದನ್ನ ಉಟ್ಟು ಕುದುರಿ ಹತ್ತಲಾಕ ಆಗಂಗಿಲ್ಲ. ನೀನೇ ಏನಾರ ಹೊಲ್ದು ಕೊಡು" ಎಂದಳು. ಇಪ್ಪತ್ತೆರಡು ವರ್ಷಗಳಿಂದ ಕಲಬುರಗಿಯಲ್ಲಿ ಬ್ಲೌಸು, ಚೂಡಿದಾರ್ ಹೊಲಿಯುತ್ತಿರುವ ನನಗೆ ಇದು ಒಂದು ವಾರದ ಕೆಲಸವೆನಿಸಿತು. ಐದು ವಾರ ಹಿಡಿಯಿತು, ಮತ್ತು ಆ ಹೆಚ್ಚಿನ ನಾಲ್ಕು ವಾರಗಳಿಗೆ ನನ್ನ ಉದಾಸೀನವೇ ಕಾರಣ. ಆದ್ದರಿಂದ ತಪ್ಪುಗಳನ್ನೂ ಅಳತೆಯ ಸಮೇತ ಬರೆದಿಡುತ್ತಿದ್ದೇನೆ.

ಉಪಕರಣಗಳು ಎಲ್ಲರ ಮನೆಯಲ್ಲಿರುವಂಥವೇ: ಕಾಲಿನಿಂದ ತುಳಿಯುವ ಹಳೆಯ ಹೊಲಿಗೆ ಯಂತ್ರ, 14 ಮತ್ತು 11ನೇ ನಂಬರಿನ ಸೂಜಿಗಳು, ದೊಡ್ಡ ಕತ್ತರಿ, ಟೇಪು, ಸೀಮೆಸುಣ್ಣದ ಬಿಲ್ಲೆ. ಇವುಗಳ ಜೊತೆಗೆ ಒಂದು ಬೆಂಚು ಮತ್ತು 50 ಕಿಲೋ ತೊಗರಿಯ ಚೀಲ. ಇದರ ಉಪಯೋಗ ಮುಂದೆ ತಿಳಿಯುತ್ತದೆ.

ಜನವರಿ 4, ರವಿವಾರ: ಏನು ಹೊಲಿಯಬೇಕು ಎಂಬುದರ ನಿರ್ಧಾರ

ಚಾಂದ್ ಬೀಬಿ ಅಹ್ಮದನಗರದ ಹುಸೇನ್ ನಿಜಾಮ್ ಶಾಹನ ಮಗಳು. ಬಿಜಾಪುರದ ಒಂದನೆಯ ಅಲಿ ಆದಿಲ್ ಶಾಹನಿಗೆ ಮದುವೆಯಾಗಿ ಬರುವಾಗ ಸೊಲ್ಲಾಪುರದ ಕೋಟೆ ವರದಕ್ಷಿಣೆಯಾಗಿ ಬಂದಿತ್ತು. 1580ರಲ್ಲಿ ಗಂಡ ಸತ್ತ ಮೇಲೆ ಬಾಲಕ ಇಬ್ರಾಹಿಮನ ಪರವಾಗಿ ಆಡಳಿತ ನೋಡಿದವಳು ಇವಳೇ. ಆ ಕಾಲಕ್ಕೆ ನಮ್ಮ ಕಲಬುರಗಿಯೂ ಆದಿಲಶಾಹಿಗಳ ಕೈಯಲ್ಲಿತ್ತು. ಕುದುರೆ ಸವಾರಿ ಮತ್ತು ಗಿಡುಗದ ಬೇಟೆಗೆ ಅವಳು ಹೆಸರಾಗಿದ್ದಳು. ಕುದುರೆಯ ಮೇಲೆ ಕುಳಿತು ಗಿಡುಗ ಹಿಡಿದು ಹೊರಟಿರುವ ಅವಳ ದಖನಿ ಚಿತ್ರವೊಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಹುಡುಗಿಯರು ಮೊಬೈಲಿನಲ್ಲಿ ತೋರಿಸಿದ್ದೂ ಅದನ್ನೇ. ಆದರೆ ಆ ಚಿತ್ರ ಬರೆದದ್ದು 1700ರ ಸುಮಾರಿಗೆ, ಅಂದರೆ ಅವಳು ತೀರಿಕೊಂಡು ನೂರು ವರ್ಷವಾದ ಮೇಲೆ. ಚಿತ್ರಕಾರ ತನ್ನ ಕಾಲದ ಉಡುಪನ್ನೇ ಅವಳಿಗೆ ತೊಡಿಸಿರಬಹುದಾದ ಕಾರಣ, ಅದರ ಗೆರೆಗೆರೆಯನ್ನೂ ನಂಬಿ ಬಟ್ಟೆ ಕತ್ತರಿಸಲು ನನಗೆ ಧೈರ್ಯ ಬರಲಿಲ್ಲ.

ಆಸರೆಗೆ ಇನ್ನೊಂದು ಚಿತ್ರ ಸಿಕ್ಕಿತು. ಮೊಗಲ್ ಚಿತ್ರಕಾರ ಅಬುಲ್ ಹಸನ್ ಬರೆದ, ಈಗ ರಾಂಪುರದ ರಜಾ ಗ್ರಂಥಾಲಯದಲ್ಲಿರುವ ನೂರ್ ಜಹಾನಳ ಚಿತ್ರವದು. ಬಂದೂಕು ಹಿಡಿದು ನಿಂತಿರುವ ಆಕೆಯ ಮೈಮೇಲೆ ಗಂಡಸರ ಬೇಟೆಯ ಉಡುಪೇ ಇದೆ: ತಲೆಗೆ ಪಗಡಿ, ಕಾಲಿಗೆ ಬಿಗಿಯಾದ ಪೈಜಾಮ. 1617ರಲ್ಲಿ ಆರು ಗುಂಡುಗಳಿಗೆ ನಾಲ್ಕು ಹುಲಿಗಳನ್ನು ಹೊಡೆದಳೆಂದು ಜಹಾಂಗೀರನೇ ತನ್ನ ದಿನಚರಿಯಲ್ಲಿ ಬರೆದುಕೊಂಡ ಹೆಂಗಸು ಆಕೆ. ಆ ಚಿತ್ರ ಬರೆದದ್ದು ಆಕೆ ಬದುಕಿದ್ದಾಗಲೇ. ಚಾಂದ್ ಬೀಬಿಯ ಕಾಲಕ್ಕೆ ಇದು ಹತ್ತಿರವೂ ಹೌದು. ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಹೀಗೆ ಗೊತ್ತುಮಾಡಿಕೊಂಡೆ: ಎದೆಯ ಮೇಲೆ ಅಡ್ಡ ಬಂದು ಕಂಕುಳಲ್ಲಿ ಕಟ್ಟುವ ಉದ್ದನೆಯ ಅಂಗಿ, ಅಂದರೆ ಜಾಮಾ, ಕೆಳಗೆ ಚೂಡಿದಾರ್ ಪೈಜಾಮ, ನಡುವಿಗೆ ಸುತ್ತುವ ಪಟ್ಕಾ, ತಲೆಗೆ ಪಗಡಿ, ಕೈಗೆ ತೊಗಲಿನ ದಸ್ತಾನ (ಕೈಗವಸು).

ಟಿವಿಯ ಝಾನ್ಸಿ ರಾಣಿಯಂತೆ ಕಚ್ಚೆ ಸೀರೆ ಉಡಿಸಿದರೆ ಸಾಲದೇ ಎಂದು ನಮ್ಮ ಅವ್ವ ಕೇಳಿದಳು. ಹದಿನೆಂಟು ಮೊಳದ ಸೀರೆಗೆ ಕಚ್ಚೆ ಹಾಕಿ ಕುದುರೆ ಏರಲು ಏನೂ ಅಡ್ಡಿಯಿಲ್ಲ, ಹೊಲಿಗೆಯ ಕೂಲಿಯೂ ಉಳಿಯುತ್ತದೆ. ಆದರೆ ಅದು ಬೇರೆ ರಾಣಿ, ಇನ್ನೂರೈವತ್ತು ವರ್ಷಗಳ ನಂತರದವಳು.

ಜನವರಿ 8, ಗುರುವಾರ: ಬಟ್ಟೆ ಮತ್ತು ಅಳತೆ

ಆ ಕಾಲದ ಶ್ರೀಮಂತ ಮುಸ್ಲಿಮರು ಮಶ್ರೂ ಎಂಬ ಬಟ್ಟೆಯನ್ನು ಇಷ್ಟಪಡುತ್ತಿದ್ದರು. ಅದರ ಹಾಸು ರೇಷ್ಮೆ, ಹೊಕ್ಕು ಹತ್ತಿ; ಹೊರಗೆ ರೇಷ್ಮೆ ಹೊಳೆದರೂ ಮೈಗೆ ತಾಗುವುದು ಹತ್ತಿಯೇ. ಬೆವರುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಬಟ್ಟೆ ನನಗಂತೂ ಹೊಳೆಯುವುದಿಲ್ಲ. ಈಗ ಅದನ್ನು ಗುಜರಾತಿನಿಂದ ತರಿಸಬೇಕು, ಬೆಲೆ ನಮಗೆ ಎಟುಕುವುದಿಲ್ಲ. ಕಪಡಾ ಬಜಾರಿನಲ್ಲಿ ಒಂದು ಮಗ್ಗುಲು ಹೊಳೆಯುವ, ಇನ್ನೊಂದು ಮಗ್ಗುಲು ಸಾದಾ ಇರುವ ಕಾಟನ್ ಸ್ಯಾಟಿನ್ ಸಿಕ್ಕಿತು. ಮೀಟರಿಗೆ 180 ರೂಪಾಯಿಯಂತೆ ಕಡುಹಸಿರಿನದು 5 ಮೀಟರ್ ತಂದೆ. ಪೈಜಾಮಕ್ಕೆ 36 ಇಂಚು ಪನ್ನದ (ಅಗಲದ) ಪಾಪ್ಲಿನ್ 3 ಮೀಟರ್, ಅಸ್ತರಿಗೆ ಮಲ್ ಬಟ್ಟೆ 2 ಮೀಟರ್, ಮೊದಲು ಪರೀಕ್ಷೆಗೆಂದು ಹೊಲಿದು ನೋಡುವ ಕಚ್ಚಾ ಅಂಗಿಗೆ ಮಾದರಪಾಟ 6 ಮೀಟರ್.

ಎದೆ 34, ನಡು 28, ಸೊಂಟ 37, ಹೆಗಲಿನಿಂದ ಮೊಣಕಾಲಿನ ಕೆಳಗಿನವರೆಗೆ 41½, ಕೈ 22, ಆಸನ (ನಡುವಿನಿಂದ ಕಾಲುಗಳು ಕೂಡುವ ಜಾಗದವರೆಗೆ) 13 ಇಂಚು. ಇವನ್ನೆಲ್ಲ ಹುಡುಗಿಯನ್ನು ನೆಟ್ಟಗೆ ನಿಲ್ಲಿಸಿ ತೆಗೆದುಕೊಂಡೆ. ನನ್ನ ಮೊದಲನೆಯ ತಪ್ಪು ಇಲ್ಲೇ ಆಯಿತು, ಆದರೆ ಅದು ಬೆಳಕಿಗೆ ಬಂದದ್ದು ಮೂರು ದಿನಗಳ ನಂತರ.

ಜನವರಿ 11, ರವಿವಾರ: ಮಾದರಪಾಟದ ಕಚ್ಚಾ ಅಂಗಿ

ಜಾಮಾದಲ್ಲಿ ಎರಡು ಭಾಗ. ಮೇಲೆ ಮೈಗೆ ಅಂಟುವ ಮೊಂಡ ಚೋಳಿ, ಅದರ ಕೆಳಗೆ ಕಲಿಗಳನ್ನು ಜೋಡಿಸಿದ ಘೇರು. ಕಲಿ ಎಂದರೆ ಮೇಲೆ ಕಿರಿದಾಗಿ ಕೆಳಗೆ ಅಗಲವಾಗುವ ಪಟ್ಟಿ. ಮುಂಭಾಗದಲ್ಲಿ ಎರಡು ಪದರ ಒಂದರ ಮೇಲೊಂದು ಬರುವುದರಿಂದ ಘೇರಿನ ಮೇಲಂಚು ನಡುವಿನ ಅಳತೆಗಿಂತ ಬಹಳ ದೊಡ್ಡದಿರಬೇಕು; ನಾನು 42 ಇಂಚು ಇಟ್ಟುಕೊಂಡೆ. ಹನ್ನೆರಡು ಕಲಿ ಕತ್ತರಿಸಿ ಹೊಲಿಯುವ ಬೇಸರಕ್ಕೆ ಆರೇ ಕಲಿ ಮಾಡಿದೆ, ಮೇಲೆ 7 ಇಂಚು, ಕೆಳಗೆ 13 ಇಂಚು. ಕೆಳ ಅಂಚಿನ ಸುತ್ತು 78 ಇಂಚಾಯಿತು. ನಿಂತಾಗ ನೋಡಲು ಚೆನ್ನಾಗಿಯೇ ಇತ್ತು. ಕಂಕುಳಿಗೆ ಇಡುವ ಚೌಬಗಲಾ ತುಂಡನ್ನೂ, ಪೈಜಾಮದ ಎರಡು ಕಾಲುಗಳ ನಡುವೆ ಬರುವ ಮಿಯಾನಿಯನ್ನೂ ಕೈಬಿಟ್ಟೆ. ಪೈಜಾಮವನ್ನು ನೇರ ಎಳೆಗೇ ಕತ್ತರಿಸಿದೆ.

ಬೆಂಚಿನ ಮೇಲೆ ತೊಗರಿ ಚೀಲವನ್ನು ಉದ್ದಕ್ಕೆ ಮಲಗಿಸಿ, ಅದೇ ಕುದುರೆಯೆಂದು ತಿಳಿದು ಹುಡುಗಿಯನ್ನು ಕಾಲು ಚೆಲ್ಲಿ ಕೂರಿಸಿದೆ. ಅವಳು ಕಾಲೆತ್ತುತ್ತಿದ್ದಂತೆ ಮೊಣಕಾಲಿನ ಹತ್ತಿರ ಪೈಜಾಮ ಬಿಗಿದು ನಿಂತಿತು. ಬಲವಂತವಾಗಿ ಕೂತಾಗ ಆಸನದ ಹೊಲಿಗೆ ಚರ್ರೆಂದು ನಾಲ್ಕು ಇಂಚು ಬಿಚ್ಚಿತು. ಮುಂಭಾಗದ ಎರಡು ಪದರಗಳು ನಡುವಿನವರೆಗೆ ಬಾಯಿ ತೆರೆದವು, ಹಿಂಭಾಗ ಮುದ್ದೆಯಾಗಿ ಅಡಿಗೆ ಸಿಕ್ಕಿಕೊಂಡಿತು. ಗಿಡುಗ ಹಿಡಿದಂತೆ ಕೈ ಎತ್ತು ಎಂದರೆ ಚೋಳಿಯೆಲ್ಲ ಮೂರು ಇಂಚು ಮೇಲೆದ್ದಿತು. ಅವ್ವ ನಗುತ್ತ ಒಳಗೆ ಹೋದಳು. ಒಂದೇ ಸಲ ಕೂತದ್ದರಲ್ಲಿ ನಾನು ಉಳಿಸಿದ್ದ ನಾಲ್ಕು ಕೆಲಸಗಳೂ ನಾಲ್ಕು ಕಡೆ ಎದುರು ನಿಂತವು.

ಅಲ್ಲೇ ಚೀಲದ ಮೇಲೆ ಕೂರಿಸಿಯೇ ಅಳತೆಗಳನ್ನು ಮತ್ತೆ ತೆಗೆದೆ. ನಿಂತಾಗ 13 ಇಂಚಿದ್ದ ಆಸನ ಕೂತಾಗ 16 ಬೇಡುತ್ತಿತ್ತು.

ಜನವರಿ 13, ಮಂಗಳವಾರ: ಚಾಚಾನ ಅಂಗಡಿಯಲ್ಲಿ

ಬಂದೇನವಾಜ್ ದರ್ಗಾದ ಕಡೆ ಶೇರವಾನಿ ಹೊಲಿಯುವ ವಯಸ್ಸಾದ ಟೇಲರ್ ಒಬ್ಬರಿದ್ದಾರೆ. ಊರಿಗೆಲ್ಲ ಅವರು ಚಾಚಾ. ಬಿಚ್ಚಿದ ಪೈಜಾಮವನ್ನು ತಿರುಗಿಸಿ ನೋಡಿ, "ಮಿಯಾನಿ ಎಲ್ಲಿ ಬೇಟಿ? ಮಿಯಾನಿ ಇಲ್ದ ಪೈಜಾಮ ನಿಂದ್ರಲಾಕ ಅಷ್ಟೇ, ಕೂಡಲಾಕಲ್ಲ" ಎಂದರು. ಚಹಾ ತರಿಸಿ ಒಂದು ಗಂಟೆ ಕೂರಿಸಿಕೊಂಡು ಔರೇಬ್ ಕತ್ತರಿಸುವ ಬಗೆಯನ್ನು ಹಳೆಯ ಪೇಪರಿನಲ್ಲಿ ಮಡಚಿ ತೋರಿಸಿದರು. ಔರೇಬ್ ಎಂದರೆ ನಾವು ಕ್ರಾಸ್ ಎನ್ನುವುದೇ. ಎಳೆಗಳು ಕಾಲಿಗೆ ಓರೆಯಾಗಿ ಬಂದರೆ ಹತ್ತಿಯ ಬಟ್ಟೆಯೂ ರಬ್ಬರಿನಂತೆ ಹಿಗ್ಗುತ್ತದೆ. ಬಿಡಿಬಿಡಿಯಾಗಿ ಓರೆ ಕತ್ತರಿಸಿದರೆ ಬಟ್ಟೆ ವಿಪರೀತ ಹಾಳಾಗುತ್ತದೆ. ಅದಕ್ಕೆ ಮೊದಲು ಇಡೀ ಬಟ್ಟೆಯನ್ನು ಓರೆಗೆ ಮಡಚಿ ಅಂಚುಗಳನ್ನು ಕೂಡಿಸಿ ಹೊಲಿದು ಒಂದು ಥೈಲಿ ಮಾಡಬೇಕು, ಆ ಥೈಲಿಯನ್ನು ಚಪ್ಪಟೆಯಾಗಿ ಹಾಸಿದಾಗ ಎಳೆಗಳು ತಾವಾಗಿಯೇ ಓರೆಯಾಗುತ್ತವೆ, ಆಮೇಲೆ ಕಾಲುಗಳನ್ನು ಕತ್ತರಿಸಬೇಕು. ಎಷ್ಟು ಚೂಡಿದಾರ್ ಹೊಲಿದಿದ್ದೇನೋ ಲೆಕ್ಕವಿಲ್ಲ, ಆದರೆ ಈಚೆಗೆ ಎಲ್ಲರೂ ಹಿಗ್ಗುವ ಲೆಗ್ಗಿಂಗಿಗೆ ತಿರುಗಿದ ಮೇಲೆ ನಾನು ಥೈಲಿಯನ್ನು ಮರೆತೇಬಿಟ್ಟಿದ್ದೆ.

ಜನವರಿ 18, ರವಿವಾರ: ಪೈಜಾಮ

ಥೈಲಿ ಹೊಲಿದು ಕತ್ತರಿಸಿದೆ. ಎರಡೂ ಕಾಲುಗಳನ್ನು ಒಂದೇ ದಿಕ್ಕಿಗೆ ಇಟ್ಟು ಕತ್ತರಿಸಿದ್ದರಿಂದ ಒಂದು ಕಾಲಿನ ಹೊಲಿಗೆ ಒಳಮಗ್ಗುಲಿಗೂ ಇನ್ನೊಂದರದು ಹೊರಮಗ್ಗುಲಿಗೂ ತಿರುಚಿಕೊಂಡು ಬಂತು. ಪಾಪ್ಲಿನ್ನಿಗೆ ಉಲ್ಟಾ ಸುಲ್ಟಾ ಇಲ್ಲದ್ದರಿಂದ ಒಂದು ಕಾಲನ್ನು ತಿರುವಿ ಹಾಕಿ ಪಾರಾದೆ. ಮಿಯಾನಿಗೆ 6 ಇಂಚಿನ ಚೌಕ ತುಂಡನ್ನು ಮೂಲೆ ಮೇಲೆ ಬರುವಂತೆ ಇಟ್ಟು ಎರಡೆರಡು ಸಾಲು ಹೊಲಿದೆ. ಕಣಕಾಲಿನ ಚೂಡಿಗಳಿಗೆ ಮೊದಲು 10 ಇಂಚು ಹೆಚ್ಚು ಇಟ್ಟಿದ್ದೆ. ಅಷ್ಟೊಂದು ಮಡಿಕೆ ರಿಕಾಪಿನ (ಕುದುರೆ ಹತ್ತಲು ಕಾಲಿಡುವ ಬಳೆಯ) ಪಟ್ಟಿಗೆ ಉಜ್ಜುತ್ತದೆಂದು ಆಮೇಲೆ 6ಕ್ಕೆ ಇಳಿಸಿದೆ. ನೇಫಾದಲ್ಲಿ ಎಲಾಸ್ಟಿಕ್ ಬಿಟ್ಟು ನೂಲಿನ ಲಾಡಿಯನ್ನೇ ಪೋಣಿಸಿದೆ. ಚೀಲದ ಮೇಲೆ ಹತ್ತು ಸಲ ಹತ್ತಿಳಿದರೂ ಒಂದು ಟಾಕಿಯೂ ಬಿಚ್ಚಲಿಲ್ಲ.

ಜನವರಿ 21ರಿಂದ 25: ಜಾಮಾ, ಮತ್ತು ಎಡ-ಬಲದ ಎಡವಟ್ಟು

ಈ ಸಲ ಹನ್ನೆರಡು ಕಲಿ. ಮೇಲೆ 3½, ಕೆಳಗೆ 13 ಇಂಚು, ಉದ್ದ 28. ಒಂದನ್ನು ನೆಟ್ಟಗೆ, ಮುಂದಿನದನ್ನು ತಲೆಕೆಳಗಾಗಿ ಇಟ್ಟು 44 ಇಂಚು ಪನ್ನದಲ್ಲಿ ಸಾಲಿಗೆ ನಾಲ್ಕರಂತೆ ಮೂರು ಸಾಲು ಕೂರಿಸಿದರೆ ಎರಡೂಕಾಲು ಮೀಟರಿನಲ್ಲಿ ಕೆಲಸ ಮುಗಿಯುತ್ತದೆ. ಆದರೆ ಸ್ಯಾಟಿನ್ನಿನ ಹೊಳಪು ಒಂದೇ ದಿಕ್ಕಿಗಿರುವುದರಿಂದ ತಲೆಕೆಳಗಾದ ಕಲಿಗಳು ಬಿಸಿಲಿನಲ್ಲಿ ತುಸು ಬೇರೆ ಬಣ್ಣವಾಗಿ ಕಂಡವು. ಅದನ್ನು ಹಾಗೆಯೇ ಬಿಟ್ಟಿದ್ದೇನೆ. ನೋಡಿದವರೆಲ್ಲ ಬೇಕೆಂದೇ ಮಾಡಿದ ಪಟ್ಟೆ ಎಂದುಕೊಂಡರು, ನಾನೂ ಅಲ್ಲವೆನ್ನಲಿಲ್ಲ. ಕೆಳ ಅಂಚಿನ ಸುತ್ತು 156 ಇಂಚಾಯಿತು, ಮೊದಲಿನದಕ್ಕೆ ಸರಿಯಾಗಿ ಎರಡು ಪಟ್ಟು.

ಚೌಬಗಲಾಕ್ಕೆ 4 ಇಂಚಿನ ಚೌಕ. ತೋಳು, ಚೋಳಿಯ ಮುಂಭಾಗ, ಹಿಂಭಾಗ ಮೂರೂ ಸೇರುವ ಜಾಗದಲ್ಲಿ ಅದರ ಮೂಲೆಗಳನ್ನು ಯಂತ್ರಕ್ಕೆ ಕೊಟ್ಟರೆ ನಿರಿಗೆ ಬೀಳುತ್ತದೆ. ಎರಡು ಸಲ ಬಿಚ್ಚಿ, ಮೂರನೆಯ ಸಲ ಮೂಲೆಗಳ ಕೊನೆಯ ಅರ್ಧ ಇಂಚನ್ನು ಕೈಯಿಂದ ಬಖಿಯಾ ಹಾಕಿ ಕೂರಿಸಿದೆ. ಕೈ ಎತ್ತಿದರೆ ಈಗ ಚೋಳಿ ಒಂದು ಇಂಚು ಮಾತ್ರ ಏಳುತ್ತದೆ. ಹೊರಗಿನಿಂದ ನೋಡುವವರಿಗೆ ಈ ತುಂಡು ಕಾಣಿಸುವುದೇ ಇಲ್ಲ, ಆದರೆ ಇಡೀ ಉಡುಪಿನಲ್ಲಿ ನನಗೆ ಅತಿ ಹೆಚ್ಚು ಹೊತ್ತು ಹಿಡಿದದ್ದು ಇದೇ.

ದೊಡ್ಡ ತಪ್ಪು ಆಮೇಲೆ ಆಯಿತು. ಅಡ್ಡ ಬರುವ ಮುಂಭಾಗವನ್ನು ಕತ್ತರಿಸಲು ಟ್ರಂಕಿನಲ್ಲಿದ್ದ ಅಜ್ಜನ ಬಾರಾಬಂದಿಯನ್ನು, ಅಂದರೆ ಕಸೆ ಕಟ್ಟುವ ಹಳೆಯ ಅಂಗಿಯನ್ನು, ಮಾದರಿಗೆ ಇಟ್ಟುಕೊಂಡೆ. ಅದು ಎಡ ಕಂಕುಳಲ್ಲಿ ಕಟ್ಟುವಂಥದು. ನಾನೂ ಹಾಗೆಯೇ ಕತ್ತರಿಸಿ, ಅಸ್ತರು ಹಚ್ಚಿ, ಕಸೆಗಳನ್ನೂ ಹೊಲಿದು ಮುಗಿಸಿದೆ. 24ರಂದು ಚಾಚಾನಿಗೆ ತೋರಿಸಲು ಒಯ್ದಾಗ ಅವರು ಕೈಯಲ್ಲಿ ಹಿಡಿಯುವ ಮೊದಲೇ "ಇದು ಸುಲ್ತಾನಾಂದಾ, ಇಲ್ಲಾ ಯಾರದರ ದೇಸಾಯರದಾ?" ಎಂದು ಕೇಳಿದರು. ಮೊಗಲರ ಕಾಲದಲ್ಲಿ ಮುಸ್ಲಿಮರು ಜಾಮಾವನ್ನು ಬಲಕ್ಕೂ ಹಿಂದೂಗಳು ಎಡಕ್ಕೂ ಕಟ್ಟುವ ರೂಢಿಯಿತ್ತು, ಹಳೆಯ ಚಿತ್ರಗಳಲ್ಲಿ ಇರುವವರು ಯಾರೆಂದು ಗುರುತಿಸಲು ತಿಳಿದವರು ಇದನ್ನೇ ನೋಡುತ್ತಾರೆ. ಮೊಬೈಲಿನಲ್ಲಿ ಎರಡು ವಾರದಿಂದ ದಿನವೂ ನೋಡುತ್ತಿದ್ದ ಚಿತ್ರಗಳಲ್ಲಿ ಕಟ್ಟು ಯಾವ ಕಡೆ ಇದೆಯೆಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಸಾದಾ ಬಟ್ಟೆಯಾಗಿದ್ದರೆ ಪೈಜಾಮದಂತೆ ತಿರುವಿ ಹಾಕಬಹುದಿತ್ತು. ಸ್ಯಾಟಿನ್ನಿಗೆ ಒಂದೇ ಮುಖ. ಎರಡೂ ಮುಂಭಾಗಗಳನ್ನು ಎಸೆದು, ಮತ್ತೆ ಒಂದೂಕಾಲು ಮೀಟರ್ ತಂದು ಹೊಸದಾಗಿ ಕತ್ತರಿಸಿದೆ. 225 ರೂಪಾಯಿ ಮತ್ತು ಒಂದು ರಾತ್ರಿಯ ನಿದ್ದೆ ಹೋಯಿತು. ಹಳೆಯ ತುಂಡುಗಳಿಂದ ಹುಡುಗಿಯ ತಮ್ಮನಿಗೆ ಒಂದು ಟೊಪ್ಪಿಗೆಯಾಯಿತು.

ಕಸೆಗಳು ಒಟ್ಟು ಆರು ಜೊತೆ. ಒಳಪದರವನ್ನು ಎಡ ಕಂಕುಳಲ್ಲಿ ಹಿಡಿಯಲು ಎರಡು, ಹೊರಪದರವನ್ನು ಬಲಕ್ಕೆ ಕಟ್ಟಲು ನಾಲ್ಕು. ಬೀದರಿನ ಬಂಧುಗಳು ಬಿದರಿಯ ಗುಂಡಿಗಳನ್ನು ಪ್ರೀತಿಯಿಂದ ಕಳುಹಿಸಿದ್ದರು, ಕಪ್ಪು ಲೋಹದ ಮೇಲೆ ಬೆಳ್ಳಿಯ ಹೂವಿನವು, ನೋಡಲು ಬಹಳ ಚೆಂದ. ಜಾಮಾಕ್ಕೆ ಗುಂಡಿಯೇ ಇಲ್ಲವಲ್ಲ! ಅವನ್ನು ನನ್ನ ಮುಂದಿನ ಬ್ಲೌಸಿಗೆ ಎತ್ತಿಟ್ಟುಕೊಂಡಿದ್ದೇನೆ.

ಜನವರಿ 31, ಶನಿವಾರ: ಪಟ್ಕಾ, ದಸ್ತಾನ, ಪಗಡಿ

ಪಗಡಿಯ ವಿಷಯ ಬೇಗ ಮುಗಿಯಿತು: ಹುಡುಗಿಯ ಸೋದರಮಾವನೇ ಮೊಣಕಾಲಿಗೆ ಸುತ್ತಿ ಕಟ್ಟಿಕೊಟ್ಟ. ಅದರ ಮೇಲಿಂದ ತೆಳುವಾದ ಮಲ್ ಬಟ್ಟೆಯ ಪರದೆಯೊಂದನ್ನು ಇಳಿಬಿಟ್ಟೆ. 1595ರ ಕೊನೆಗೆ ಮೊಗಲ್ ರಾಜಕುಮಾರ ಮುರಾದ್ ಅಹ್ಮದನಗರವನ್ನು ಮುತ್ತಿ ಸುರಂಗ ಸಿಡಿಸಿ ಗೋಡೆ ಕೆಡವಿದಾಗ, ಚಾಂದ್ ಬೀಬಿ ಮುಖಕ್ಕೆ ಪರದೆ ಹಾಕಿಕೊಂಡು ಬಿಚ್ಚುಗತ್ತಿ ಹಿಡಿದು ಆ ಬಿರುಕಿನಲ್ಲಿಯೇ ಬಂದು ನಿಂತಳೆಂದು ಇತಿಹಾಸದಲ್ಲಿ ಬರೆದಿದೆ. ನಾಟಕದಲ್ಲಿಯೂ ಆ ಸನ್ನಿವೇಶ ಇತ್ತು.

ಪಟ್ಕಾ 3 ಮೀಟರ್ ಉದ್ದ, 20 ಇಂಚು ಅಗಲ, ತುದಿಗಳಿಗೆ ಜರಿ. ಇದು ಬರೀ ಶೃಂಗಾರಕ್ಕೆಂದು ತಿಳಿದು ಸಡಿಲವಾಗಿ ಕಟ್ಟಿದ್ದೆ. ಬಿಗಿಯಾಗಿ ಎರಡು ಸುತ್ತು ಸುತ್ತಿದಾಗ ಹುಡುಗಿಯೇ "ಅತ್ತಿ, ಬೆನ್ನಿಗೆ ಯಾರೋ ಕೈ ಹಿಡ್ದಂಗ ಆಗ್ಯಾದ" ಎಂದಳು. ಕುದುರೆಯ ಮೇಲೆ ಬೆನ್ನು ನೆಟ್ಟಗಿರಲು ಇದು ನಿಜಕ್ಕೂ ಆಧಾರ.

ದಸ್ತಾನವನ್ನು ಚಪ್ಪಲಿ ಹೊಲಿಯುವವರೊಬ್ಬರು ದಪ್ಪ ತೊಗಲಿನಲ್ಲಿ ಮಾಡಿಕೊಟ್ಟರು. ಅವರು ಮೊದಲು ಎಡಗೈಯದು ಹೊಲಿದರು. ಪರ್ಷಿಯನ್ ಮತ್ತು ಮೊಗಲ್ ಚಿತ್ರಗಳಲ್ಲಿ ಗಿಡುಗ ಸಾಮಾನ್ಯವಾಗಿ ಬಲಗೈ ಮೇಲಿರುತ್ತದೆ, ಲಗಾಮು ಎಡಗೈಯಲ್ಲಿ. ಈ ಸಲ ನಾನು ಮೊದಲೇ ನೋಡಿಕೊಂಡಿದ್ದೆ. ಅವರು ಬೇಸರಿಸದೆ ಇನ್ನೊಂದು ಹೊಲಿದುಕೊಟ್ಟರು, ಹೆಚ್ಚಿನ ದುಡ್ಡು ಕೇಳಲಿಲ್ಲ. ದಸ್ತಾನ ಹಾಕಿದ ಕೈಯಿಂದ ಕಸೆ ಕಟ್ಟಲು ಬರುವುದಿಲ್ಲ. ಎಲ್ಲ ಕಟ್ಟಿ ಮುಗಿದ ಮೇಲೆಯೇ ಅದನ್ನು ತೊಡಬೇಕೆಂದು ಪರೀಕ್ಷೆಯ ದಿನ ತಿಳಿಯಿತು.

ಫೆಬ್ರವರಿ 1, ರವಿವಾರ: ಕುದುರೆಯ ಮೇಲೆ

ಹಾಗರಗಾ ರಸ್ತೆಯ ಬಯಲಿಗೆ ಕುದುರೆಯವರು ಬೆಳಿಗ್ಗೆ ಏಳಕ್ಕೆ ಬಂದರು. ಅರ್ಧ ಗಂಟೆಗೆ 500 ರೂಪಾಯಿ. ಬ್ಯಾಂಡಿನ ಸದ್ದಿಗೆ ಪಳಗಿದ ಬಿಳಿ ಕುದುರೆ, ಬಹಳ ಸಾಧು. ಅವರು ಲಗಾಮು ಹಿಡಿದು ಪಕ್ಕದಲ್ಲೇ ನಡೆದರು. ಹುಡುಗಿ ರಿಕಾಪಿನಲ್ಲಿ ಎಡಗಾಲಿಟ್ಟು ಒಂದೇ ಏಟಿಗೆ ಹತ್ತಿ ಕೂತಳು. ಘೇರು ತಾನಾಗಿಯೇ ಎರಡು ಭಾಗವಾಗಿ ಕುದುರೆಯ ಎರಡೂ ಮಗ್ಗುಲಿಗೆ ಇಳಿಯಿತು, ಮುಂದಿನ ಪದರ ತೊಡೆಗಳನ್ನು ಮುಚ್ಚಿಕೊಂಡೇ ಇತ್ತು. ಕುದುರೆಯವರು ಅದನ್ನು ನೋಡಿ, "ಅಕ್ಕಾರ, ಮದಿಮಗಗಳು ಶೇರವಾನಿ ಹಾಕ್ಕೊಂಡು ಹತ್ತಲಾಕ ಸ್ಟೂಲ್ ಕೇಳ್ತಾರ್ರಿ" ಎಂದರು. ಐದು ವಾರಗಳಲ್ಲಿ ನನಗೆ ಸಿಕ್ಕ ದೊಡ್ಡ ಸರ್ಟಿಫಿಕೇಟು ಅದು.

ತೊಂದರೆ ಎರಡು ಕಂಡವು. ಪಟ್ಕಾದ ಗಂಟು ಹೊಟ್ಟೆಯ ನಡುವೆ ಇದ್ದುದರಿಂದ ಬಗ್ಗಿದಾಗ ಜೀನಿನ ಮುಂದಿನ ಉಬ್ಬಿಗೆ ಒತ್ತುತ್ತಿತ್ತು. ಗಂಟನ್ನು ಎಡಕ್ಕೆ ಸರಿಸಿದೆ. ಎಡಗಡೆಯ ಅಂಚಿಗೆ ಹಚ್ಚಿದ್ದ ಜರಿ ಗೋಟ ರಿಕಾಪಿನ ಪಟ್ಟಿಗೆ ಸಿಕ್ಕಿ ಏಳೆಂಟು ಇಂಚು ಕಿತ್ತುಬಂತು. ಇದನ್ನು ಎರಡು ಸಾಲು ಹೊಲಿದು ಮತ್ತೆ ಕೂರಿಸಿದೆ. 6ರಂದು ಇನ್ನೊಮ್ಮೆ ಕುದುರೆ ತರಿಸಿ ನೋಡಿದಾಗ ನಿಂತಿತು.

ಖರ್ಚು

ಸ್ಯಾಟಿನ್ 900, ಹಾಳಾದದ್ದಕ್ಕೆ ಬದಲಿ 225, ಮಾದರಪಾಟ 360, ಪಾಪ್ಲಿನ್ 270, ಅಸ್ತರು 160, ಪಟ್ಕಾ 240, ಜರಿ ಗೋಟ 6 ಮೀಟರಿಗೆ 150, ದಸ್ತಾನ 350, ಪರೀಕ್ಷೆಗೆ ಕುದುರೆ ಎರಡು ಸಲ 1000. ಒಟ್ಟು 3655 ರೂಪಾಯಿ. ಪಗಡಿಯ ಬಟ್ಟೆ ಮನೆಯದು. ನನ್ನ ಕೂಲಿ ಹಿಡಿದಿಲ್ಲ, ಹಿಡಿದರೆ ಅಣ್ಣ ಓದಿ ಗಾಬರಿಯಾಗುತ್ತಾನೆ.

ಫೆಬ್ರವರಿ 8, ರವಿವಾರ

ನಿನ್ನೆ ಗ್ಯಾದರಿಂಗ್ ಮುಗಿಯಿತು. ಕುದುರೆ ಮೈದಾನದ ತುದಿಯಿಂದ ನಡೆದು ಬಂತು, ಹುಡುಗಿ ಬಲಗೈ ಎತ್ತಿದಾಗ ಚೋಳಿ ಏಳಲಿಲ್ಲ, ಇಳಿಯುವಾಗ ಅಂಚು ಕಾಲಿಗೆ ತೊಡರಲಿಲ್ಲ. ಇವತ್ತು ಒಗೆಯುವ ಮೊದಲು ಉಡುಪನ್ನು ತಿರುವಿ ನೋಡಿದೆ. ಮಿಯಾನಿ, ಚೌಬಗಲಾ ಎರಡೂ ಗಟ್ಟಿಯಾಗಿವೆ. ಎಡ ಅಂಚಿನ ಗೋಟ ಮಾತ್ರ ಅದೇ ಜಾಗದಲ್ಲಿ ಮತ್ತೆ ಸವೆದು ಎಳೆ ಬಿಟ್ಟಿದೆ. ಅದನ್ನು ಪೂರ್ತಿ ಬಿಚ್ಚಿ, ಅಂಚಿಗೆ ಅದೇ ಸ್ಯಾಟಿನ್ನಿನ ಓರೆ ಪಟ್ಟಿಯನ್ನು ಒಳಮಡಿಕೆಯಾಗಿ ಹಚ್ಚಬೇಕು. ಎಸೆದ ಮುಂಭಾಗಗಳಲ್ಲಿ ಟೊಪ್ಪಿಗೆ ಹೊಲಿದು ಉಳಿದ ತುಂಡು ಅದಕ್ಕೆ ಸಾಕಾಗುತ್ತದೆ. ಒಂದೂವರೆ ಇಂಚಿನ ಪಟ್ಟಿಗಳನ್ನು ಕತ್ತರಿಸಿ ಇಟ್ಟಿದ್ದೇನೆ, ಈ ಸಲ ಹೊಳಪಿನ ದಿಕ್ಕನ್ನು ಸೀಮೆಸುಣ್ಣದಿಂದ ಗುರುತು ಮಾಡಿಕೊಂಡು.